ಸಾಲಿನ ಪಕ್ಕ ಒಂದು ಬೆಂಚು ಹಾಕಿಸಿ

ಆಟದ ಕಂಪನಿಯ ಸರ್ವರ್ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಅದನ್ನೇ ನಿನ್ನೆಯೂ ಹೇಳುತ್ತಿದ್ದೆ ಮಾನ್ಯರೇ, ಅಷ್ಟರಲ್ಲಿ ನಿಮ್ಮ ದೂರಿನ ಪೆಟ್ಟಿಗೆ ಅಕ್ಷರಗಳ ಮಿತಿ ಮುಗಿಯಿತೆಂದು ನನ್ನ ಬಾಯಿ ಮುಚ್ಚಿಸಿತು. ಅದಕ್ಕೇ ಇವತ್ತು ನಿಮ್ಮ ಆಟಗಾರರೆಲ್ಲ ಓದುವ ಈ ಸಾರ್ವಜನಿಕ ಗೋಡೆಗೆ ಬಂದಿದ್ದೇನೆ. ನನ್ನ ದೂರು ಇಷ್ಟು: ಹಳೆಯ ಆಟವನ್ನು ಮುಚ್ಚಿ, ಹೊಸದನ್ನು ತೆರೆಯುತ್ತೇವೆಂದು ಡಂಗುರ ಹೊಡೆಸಿ, ತೆರೆದ ಗಳಿಗೆಯಲ್ಲೇ ನಿಮ್ಮ ಸರ್ವರ್ ಕಾಲು ಚಾಚಿ ಮಲಗಿತು. ಮಲಗಲಿ, ಯಂತ್ರಕ್ಕೂ ಸುಸ್ತಾಗುತ್ತದೆ. ಆದರೆ ನಮ್ಮನ್ನು ಹೊರಗೆ ಸಾಲಿನಲ್ಲಿ ನಿಲ್ಲಿಸಿ, ಆಗಾಗ ಪರದೆಯ ಮೇಲೆ ‘ನೀವು ಇದ್ದೀರಾ?’ ಎಂದು ಕೇಳುತ್ತೀರಲ್ಲ, ‘ಇದ್ದೇನೆ’ ಎಂದು ತಕ್ಷಣ ಒತ್ತದಿದ್ದರೆ ಸಾಲಿನ ಬಾಲಕ್ಕೆ ತಳ್ಳುತ್ತೀರಲ್ಲ, ಇದು ಯಾವ ನ್ಯಾಯ? ಹೆಂಡತಿ ತೀರಿಕೊಂಡ ಮೇಲೆ ಇಷ್ಟು ಸಲ ಯಾರೂ ನನ್ನನ್ನು ಇದ್ದೀಯಾ ಎಂದು ಕೇಳಿರಲಿಲ್ಲ. ಆ ಮಟ್ಟಿಗೆ ಋಣಿ.

ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಅಂಟಿಸಿದ್ದೀರಿ. ‘ವಿ ವಿಲ್ ಬಿ ಬ್ಯಾಕ್ ಶಾರ್ಟ್‌ಲಿ.’ ನಾನು ಎರಡು ವರ್ಷ ಕಾಲೇಜಿಗೆ ಹೋದವನು. ‘ಐ ಬೆಗ್ ಟು ಸ್ಟೇಟ್’ ಎಂದು ಶುರುಮಾಡಿದರೆ ಯಾವ ಕಚೇರಿಯೂ ಕರಗುತ್ತದೆಂದು ನಮ್ಮ ಮೇಷ್ಟ್ರು ಕಲಿಸಿದ್ದರು. ಆ ವಾಕ್ಯದ ಮುಂದಿನ ಭಾಗ ಮರೆತುಹೋಗಿದೆ. ಆದರೆ ಶಾರ್ಟ್ ಎಂದರೆ ಗಿಡ್ಡ ಎಂಬುದು ನೆನಪಿದೆ. ನಿಮ್ಮ ಗಿಡ್ಡ ಎಷ್ಟು ಉದ್ದ ಸ್ವಾಮಿ?

ಇರಲಿ. ಆಟವಾಡದೆ ಪ್ರಾಣ ಹೋಗುವ ವಯಸ್ಸು ನನ್ನದಲ್ಲ. ನನ್ನ ಸಂಕಟ ಬೇರೆ. ನಿಮ್ಮ ಹಳೆಯ ಆಟದಲ್ಲಿ ನಾವು ನಾಲ್ಕು ಜನ ದಂಡು ಕಟ್ಟಿಕೊಂಡು ಒಂದು ಸೇತುವೆ ಕಾಯುತ್ತಿದ್ದೆವು. ಗುಂಡುಸೂಜಿ ಎಂಬ ಬಿಲ್ಲುಗಾರ್ತಿ, ಅರ್ಧಕುದುರೆ, ಬಾಯಿಗೆ ಬೀಗವೇ ಇಲ್ಲದ ಮೌನಿ, ಮತ್ತು ನಾನು, ಹಳೇಚಪ್ಪಲಿ. ಹೆಸರು ನನ್ನಾಕೆ ಇಟ್ಟದ್ದು. ಅವಳು ಹಾಸಿಗೆ ಹಿಡಿದಿದ್ದಾಗ ಪಕ್ಕದಲ್ಲಿ ಕೂತು ಹೊತ್ತು ಕಳೆಯಲೆಂದು ಈ ಆಟ ಹಚ್ಚಿಕೊಂಡೆ. ಹೆಸರೇನು ಕೊಡಲಿ ಎಂದು ಕೇಳಿದರೆ, “ಎಲ್ಲಿ ಬಿಟ್ರೆ ಅಲ್ಲೇ ಬಿದ್ದಿರ್ತೀರಲ್ಲ, ಹಳೇ ಚಪ್ಪಲಿ ಅಂತ ಹಾಕಿ” ಎಂದಳು.

ಅವಳು ಹೋದ ಸುದ್ದಿಯನ್ನು ಆ ಮೂವರಿಗೆ ಹೇಳಿದ ದಿನ ಸೇತುವೆಯ ಆಚೆ ವೈರಿಗಳು ನಿಂತಿದ್ದರು. ಗುಂಡುಸೂಜಿ ಬಿಲ್ಲು ಕೆಳಗಿಟ್ಟಳು. “ದಾಟ್ಕೊಂಡು ಹೋಗ್ಲಿ ಬಿಡ್ರೋ, ಇವತ್ತು ಬೇಡ” ಎಂದಳು. ನಾಲ್ವರೂ ನದಿಯ ದಂಡೆಯಲ್ಲಿ ಸುಮ್ಮನೆ ಕೂತೆವು. ಮೌನಿಯೂ ಮಾತಾಡಲಿಲ್ಲ. ಮನೆಗೆ ಬಂದು ಕೈಹಿಡಿದು ಹೋದ ನೆಂಟರಲ್ಲಿ ಯಾರಿಗೂ ಅಷ್ಟು ಹೊತ್ತು ಸುಮ್ಮನಿರಲು ಬರಲಿಲ್ಲ.

ಇವರ ನಿಜವಾದ ಹೆಸರು, ಊರು, ಫೋನು ಯಾವುದೂ ನನಗೆ ಗೊತ್ತಿಲ್ಲ. ಮನೆಯ ವಿಚಾರ ಕೇಳಬಾರದೆಂಬುದು ನಮ್ಮ ದಂಡಿನ ಕಟ್ಟಳೆ. ಹಳೆಯ ಆಟ ಮುಚ್ಚುವ ಸಂಜೆ ಮೌನಿ, “ನಂಬರ್ ಆದ್ರೂ ಕೊಡ್ರಪ್ಪ” ಎಂದು ಗೋಗರೆದ.

“ಕೊಟ್ರೆ ನಾಳೆಯಿಂದ ಹೂವಿನ ಚಿತ್ರ ಹಾಕಿ ಗುಡ್ ಮಾರ್ನಿಂಗ್ ಕಳಿಸ್ತೀಯ,” ಎಂದಳು ಗುಂಡುಸೂಜಿ. “ಹೊಸ ಆಟದಲ್ಲಿ ಇದೇ ಹೆಸರಲ್ಲಿ ಬನ್ನಿ. ಹುಡುಕ್ಕೊಳ್ಳೋಣ.”

ಎಲ್ಲರೂ ನಕ್ಕೆವು. ಆಮೇಲೆ ನೀವು ದೀಪ ಆರಿಸಿದಿರಿ. ಹೊಸ ಆಟದಲ್ಲಿ ಹೆಸರು ಮೊದಲು ಬಂದವರಿಗೆ, ಒಮ್ಮೆ ಕೊಟ್ಟದ್ದು ಬದಲಾಗದು ಎಂಬ ನಿಮ್ಮ ನಿಯಮವನ್ನು ನಾನು ಓದಿದ್ದು ಆಮೇಲೆ.

ಹೊಸ ಆಟ ತೆರೆದಂದಿನಿಂದ ಈ ಕುರ್ಚಿಯೇ ನನ್ನ ಮನೆ. ಗೋಡೆ, ಪರದೆ, ಗುಂಡಿ. ಊಟದ ತಟ್ಟೆ ತೊಡೆಯ ಮೇಲೆ. ನಿನ್ನೆ ಬೆಳಗ್ಗೆ ಮಗಳು ಬಾಗಿಲಲ್ಲಿ ನಿಂತು ಮೂಗು ಮುಚ್ಚಿಕೊಂಡಳು.

“ಅಪ್ಪಾ, ಎದ್ದು ಸ್ನಾನ ಮಾಡಿ. ಇನ್ನೂ ಕೂತ್ರೆ ಕುರ್ಚಿನೂ ನಿಮ್ಮ ಜೊತೆಗೇ ಎದ್ದು ಬರುತ್ತೆ.”

“ಎದ್ರೆ ಜಾಗ ಹೋಗುತ್ತೆ.”

“ನಾನು ಕೂರ್ತೀನಿ. ‘ಇದ್ದೇನೆ’ ಅಂತ ಒತ್ತೋಕೆ ನಿಮ್ಮ ಕಾಲೇಜು ಇಂಗ್ಲಿಷ್ ಬೇಕಾ?”

ಮಾನ್ಯರೇ, ಅಷ್ಟು ಹೊತ್ತು ಕಲ್ಲಿನಂತಿದ್ದ ನಿಮ್ಮ ಬಾಗಿಲು ನಾನು ತಲೆಗೆ ಸೋಪು ಹಚ್ಚಿಕೊಂಡಾಗಲೇ ತೆರೆಯಬೇಕೆ? ಒಳಗೆ ಬಿಟ್ಟ ಕೂಡಲೇ ಹೆಸರು ಹೇಳಿ ಎಂದು ಗಡಿಯಾರ ಓಡಿಸಿದಿರಂತೆ. ಅವಳು ಕೂಗಿದ್ದಾಳೆ, ನೀರಿನ ಸದ್ದಿಗೆ ನನಗೆ ಕೇಳಿಸಿಲ್ಲ. ಟವೆಲು ಸುತ್ತಿಕೊಂಡು ಬರುವಷ್ಟರಲ್ಲಿ ನಿಮ್ಮ ಸರ್ವರ್ ಮತ್ತೆ ಮಲಗಿ, ನಮ್ಮನ್ನು ಹೊರಗೆ ಸಾಲಿಗೇ ತಳ್ಳಿ ಬಾಗಿಲು ಮುಚ್ಚಿತ್ತು.

“ಹೆಸರು ಕೊಟ್ಬಿಟ್ಟೆ ಅಪ್ಪ. ‘ಅಪ್ಪ’ ಅಂತ ಹಾಕಿದ್ರೆ ಯಾರೋ ತಗೊಂಡಿದ್ದಾರೆ ಅಂತು. ‘ನಮ್ಮಪ್ಪ’ ಅಂತ ಹಾಕಿದೆ.”

ಹಳೇಚಪ್ಪಲಿ ಎಂದು ಹಾಕಬೇಕಿತ್ತು ಎಂದೆ.

“ಅದೂ ಒಂದು ಹೆಸರಾ? ಯಾರು ಇಟ್ಕೋತಾರೆ ಅದನ್ನ?”

“ನಿಮ್ಮಮ್ಮ ಇಟ್ಟಿದ್ದು.”

ಅವಳು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತು, ‘ಇದ್ದೀರಾ?’ ಬಂದಾಗಲೆಲ್ಲ ತಾನೇ ಒತ್ತುತ್ತಿದ್ದಳು. ಹೆಸರು ಬದಲಿಸಿಕೊಡಿ ಎಂದು ನಿಮ್ಮ ಸಹಾಯವಾಣಿಗೆ ಬರೆದೆ. ‘ನಿಮ್ಮ ತಾಳ್ಮೆಗೆ ಧನ್ಯವಾದಗಳು’ ಎಂದು ಉತ್ತರ ಬಂತು. ನಾನು ತಾಳ್ಮೆಯನ್ನು ಯಾವಾಗ ಕೊಟ್ಟೆ? ನೀವು ಕಿತ್ತುಕೊಂಡಿರಿ. ಕಿತ್ತುಕೊಂಡದ್ದಕ್ಕೆ ಧನ್ಯವಾದ ಹೇಳುವ ಸಭ್ಯತೆ ಜೇಬುಗಳ್ಳರಿಗೂ ಇಲ್ಲ.

ನನ್ನದೊಂದು ಕನ್ನಡಕದ ಅಂಗಡಿಯಿತ್ತು. ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸಲು ಹೊತ್ತಾಗುತ್ತದೆ, ಗಿರಾಕಿ ಕಾಯಲೇಬೇಕು. ಬಾಗಿಲ ಪಕ್ಕ ಒಂದು ಬೆಂಚು ಹಾಕಿದ್ದೆ, ಅಷ್ಟೆ. ಕಣ್ಣು ಮಂಜಾದವರು ಒಬ್ಬರನ್ನೊಬ್ಬರು ನೀವ್ಯಾರು ಎಂದು ಕೇಳಿಕೊಳ್ಳುತ್ತಿದ್ದರು. ಒಮ್ಮೆ ನಾನು ಕನ್ನಡಕ ಸಿದ್ಧಮಾಡಿ ತರುವಷ್ಟರಲ್ಲಿ ಇಬ್ಬರು ಬೀಗರಾಗುವ ಮಾತು ಮುಗಿಸಿ ಎದ್ದಿದ್ದರು. ಕಾಯುವುದು ಕಷ್ಟವಲ್ಲ ಮಾನ್ಯರೇ. ಪಕ್ಕದಲ್ಲಿ ಯಾರಿದ್ದಾರೆಂದು ಕಾಣದೆ ಕಾಯುವುದು ಕಷ್ಟ. ಈ ಸಾಲಿನಲ್ಲಿ ನನ್ನ ಹಿಂದೆಯೋ ಮುಂದೆಯೋ ಗುಂಡುಸೂಜಿ ನಿಂತಿರಬಹುದು. ನನಗೆ ಕಾಣುವುದು ಒಂದು ಅಂಕಿ, ಅದೂ ಇಳಿಯುವ ಬದಲು ಏರುತ್ತಿದೆ. ನಾಳೆ ಯಾವನೋ ಹಳೇಚಪ್ಪಲಿ ಎಂಬ ಹೆಸರು ಹಿಡಿದು ಒಳಗೆ ಹೋದರೆ ಆ ಮೂವರು ಅವನ ಹೆಗಲ ಮೇಲೆ ಕೈಹಾಕುತ್ತಾರೆ. ಪಕ್ಕದಲ್ಲೇ ನಿಂತ ನಮ್ಮಪ್ಪನನ್ನು ಯಾರು ಕೇಳುತ್ತಾರೆ?

ಆದ್ದರಿಂದ ನನ್ನ ಬೇಡಿಕೆ: ಸರ್ವರ್ ಏಳುವುದು ತಡವಾದರೆ ಆಗಲಿ. ಕಾಯುವವರು ಹಳೆಯ ಹೆಸರು ಹೇಳಿಕೊಂಡು ಮಾತಾಡಲು ಸಾಲಿನ ಪಕ್ಕ ಒಂದು ಬೆಂಚು ಹಾಕಿಸಿ. ಅದಾಗದಿದ್ದರೆ ಈ ಪತ್ರವನ್ನಾದರೂ ಗೋಡೆಯಿಂದ ಕೀಳಬೇಡಿ. ನಿಮಗೆಂದು ಬರೆದದ್ದು ನಿಜ, ಆದರೆ ನೀವು ಓದುತ್ತೀರೆಂಬ ಭ್ರಮೆ ನನಗಿಲ್ಲ. ಓದಬೇಕಾದವರು ಮೂವರು.

ಇನ್ನೂ ಹೇಳುವುದಿತ್ತು, ಬೆಳಕು ಹೋಗುತ್ತಿದೆ. ಕೀಲಿಮಣೆಯ ಅಕ್ಷರಗಳು ಒಂದೊಂದಾಗಿ ಮಸುಕಾಗುತ್ತಿವೆ. ಮಗಳು ಸಾಮಾನು ತರಲು ಹೋಗಿದ್ದಾಳೆ. ದೀಪದ ಸ್ವಿಚ್ಚು ಬಾಗಿಲ ಹತ್ತಿರವಿದೆ, ಎದ್ದರೆ ಅಷ್ಟರಲ್ಲಿ ನೀವು ‘ಇದ್ದೀರಾ?’ ಎಂದು ಕೇಳಿಬಿಟ್ಟರೆ?

ಇಂತಿ,
ಬಿಟ್ಟಲ್ಲೇ ಬಿದ್ದಿರುವ
ಹಳೇಚಪ್ಪಲಿ
(ಒಳಗೆ ‘ನಮ್ಮಪ್ಪ’ ಎಂದು ಒಬ್ಬ ಕಂಡರೆ, ಗುಂಡುಸೂಜಿ, ಅದು ನಾನೇ. ಸೇತುವೆಯ ಹತ್ತಿರ ಇರುತ್ತೇನೆ.)