ಬಿಸಿ ಟೈರಿನ ಗಾಳಿ

ಗಾಳಿ ಅಂಗಡಿ,
ಏಪ್ರಿಲ್ ೧೨, ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತೇ? ಸರಕಿಗಾಗಿ ಮೂರು ದಿನದಿಂದ ಗೋದಾಮಿನ ಮುಂದೆ ಲಾರಿ ನಿಲ್ಲಿಸಿಕೊಂಡು ಕೂತಿದ್ದೀಯಂತೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ನಿನ್ನ ಫೋನು ಸಿಗುತ್ತಿಲ್ಲ, ಅದಕ್ಕೇ ಆ ಕಡೆ ಹೊರಟ ಟ್ಯಾಂಕರ್ ಡ್ರೈವರ್ ಕೈಯಲ್ಲಿ ಈ ಕಾಗದ ಕೊಡುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ ಅಂತ ಬರೆದರೆ ಸುಳ್ಳಾಗುತ್ತದೆ. ಮೈಯೆಲ್ಲ ಉರಿಯುತ್ತಿದೆ.

ನಿಮ್ಮ ಕಂಪನಿಯ ಮೀಸೆಯಣ್ಣನ ಲಾರಿ ಮೊನ್ನೆ ಟೈರ್ ಸಿಡಿದು ಪಲ್ಟಿಯಾಯಿತು, ಅವನ ಕೈ ಮುರಿದಿದೆ. ನಿಮ್ಮ ಮ್ಯಾನೇಜರ್ ಆಸ್ಪತ್ರೆಯ ಕಡೆ ತಲೆಯೂ ಹಾಕದೆ "ಕುಡಿದು ಓಡಿಸಿರ್ತಾನೆ" ಅಂದುಬಿಟ್ಟ. ಜನ್ಮದಲ್ಲಿ ಚಹಾ ಬಿಟ್ಟು ಬೇರೇನೂ ಮುಟ್ಟದ ಮನುಷ್ಯನಿಗೆ! ಆ ಲಾರಿಯ ಉಳಿದ ಟೈರುಗಳು ತಣ್ಣಗಾದ ಮೇಲೆ ಗೇಜ್ ಹಿಡಿದು ನೋಡಿದೆ. ಒತ್ತಡ ನೂರು ಇರಬೇಕಾದಲ್ಲಿ ಎಂಬತ್ತೆರಡು. ಗಾಳಿ ಕಡಿಮೆಯಾದ ಟೈರ್ ಭಾರಕ್ಕೆ ಅಪ್ಪಚ್ಚಿಯಾಗಿ ಓಡುತ್ತಾ ಕಾದು ಸಿಡಿಯುತ್ತದೆ. ಆ ಮಹಾನುಭಾವನ ಅಪ್ಪಣೆ ನೆನಪಿದೆಯಲ್ಲ? "ಯಾವಾಗ ನೋಡಿದ್ರೂ ನೂರು ದಾಟಬಾರ್ದು, ದಾಟಿದ್ರೆ ಗಾಳಿ ಬಿಟ್ಬಿಡಿ." ಲಾರಿಗಳು ಓಡಿ ಬಂದು ನಿಂತ ಕೂಡಲೇ ಬಿಡಿಸುತ್ತಾನೆ.

ನನಗೂ ಹಟ ಬಂತು. ನಿನ್ನೆ ಬೆಳಗಿನ ತಂಪಿನಲ್ಲಿ ಒಂದು ಟೈರಿಗೆ ಸರಿಯಾಗಿ ನೂರು ತುಂಬಿಸಿ ಅಂಗಳದಲ್ಲಿಟ್ಟೆ. ಬಿಸಿಲೇರಿದಾಗ ನೂರಹತ್ತು! ಯಾರೂ ಗಾಳಿ ಹಾಕಿಲ್ಲ. ನೆರಳಿಗೆಳೆದಿಟ್ಟು, ತಣ್ಣಗಾದ ಮೇಲೆ ಇವತ್ತು ಬೆಳಿಗ್ಗೆ ನೋಡಿದರೆ ಮತ್ತೆ ನೂರು. ಇರುವ ಗಾಳಿ ಅಷ್ಟೇ. ಬಿಸಿಯಾದಾಗ ಹಿಗ್ಗಲು ಜಾಗ ಸಿಗದೆ ಒದೆಯುತ್ತದೆ. ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಹಿಡಿಯನ್ನು ಅರ್ಧಕ್ಕೆ ಒತ್ತಿದರೂ ಒದೆಯುತ್ತದಲ್ಲ, ಅಲ್ಲಿ ಜಾಗವೇ ಕಿರಿದಾಗಿರುತ್ತದೆ. ಓಡಿ ಕಾದಾಗ ನೂರಕ್ಕೆ ಇಳಿಸಿದ ಟೈರು ತಣ್ಣಗಾದರೆ ಎಂಬತ್ತೆರಡಾಗದೆ ಇನ್ನೇನಾಗುತ್ತದೆ? ಇಷ್ಟು ತಿಳಿಯಲು ಯಾವ ಪದವಿ ಬೇಕು ಹೇಳು!

ಗೇಜ್ ಸಮೇತ ಅವನ ಮೇಜಿನ ಮುಂದೆ ಹೋಗಿ ನಿಂತೆ. "ಗಾಳಿ ಹಾಕೋ ಕೆಲ್ಸ ನೋಡ್ಕೋಮ್ಮ, ನನಗೆ ಪಾಠ ಹೇಳ್ಬೇಡ" ಅಂದ. ಇಪ್ಪತ್ತು ವರ್ಷದಿಂದ ನಾನು ಮಾಡುತ್ತಿರುವುದು ಇನ್ನೇನು? ಗೋಡೆಗೆ ಅಂಟಿಸಿದ್ದ ಅವನ ಅಪ್ಪಣೆಯ ಕಾಗದವನ್ನು ಕಿತ್ತು ತಂದೆ. ಈಗ ಬರೆಯುತ್ತಿರುವುದು ಅದರ ಬೆನ್ನ ಮೇಲೇ.

ನೂರು ಕಾಲ ಬಾಳು, ನನ್ನಪ್ಪಾ.

ನಿನ್ನ ಸಿಡುಕಿ ಅಕ್ಕ

ಮರೆತಿದ್ದೆ. ಇಲ್ಲ, ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ಮೀಸೆಯಣ್ಣನ ಟೈರುಗಳ ಗಾಳಿ ಬಿಟ್ಟವಳು ನಾನೇ. ನೀನು ಹೊರಟ ಮಧ್ಯಾಹ್ನ, ನೀನು ಊಟಕ್ಕೆ ಕೂತಿದ್ದಾಗ, ಕಾದಿದ್ದ ನಿನ್ನ ಆರೂ ಟೈರುಗಳದ್ದೂ ಬಿಟ್ಟಿದ್ದೇನೆ. ಬೆಳಗಿನ ತಂಪಿನಲ್ಲಿ ನೂರಕ್ಕೆ ತುಂಬಿಸುವವರೆಗೆ ಗಾಡಿ ಹತ್ತಬೇಡ. ತುಂಬಿಸಿದೆ ಅಂತ ಒಂದು ಸಾಲು ಬರೆದು ಇದೇ ಡ್ರೈವರ್ ಕೈಯಲ್ಲಿ ಕಳಿಸು. ಅಲ್ಲಿಯವರೆಗೆ ನಾನು ಯಾರ ಟೈರನ್ನೂ ಮುಟ್ಟುವುದಿಲ್ಲ.