ನಿನಗಾಗಿ ಮೆತ್ತಗೆ ಮಾಡಿದ ನೆಲ

ಬೆಟ್ಟದ ಮೇಲಿನ ಹಳ್ಳಿ,
ಮಂಗಳವಾರ ಮಧ್ಯಾಹ್ನ

ಪ್ರೀತಿಯ ಪುಟ್ಟಾ,

ನಲವತ್ತು ದಾಟಿದ ಪೈಲಟ್‌ನನ್ನು ಹೀಗೆ ಕರೆಯಬಾರದು ಅಂತ ಗೊಣಗುತ್ತೀಯ, ಗೊತ್ತು. ಅಕ್ಕನ ಬಾಯಿಗೆ ಬೇರೆ ಹೆಸರು ಬರುವುದಿಲ್ಲ. ಸೊಂಟದ ನೋವು ಹೇಗಿದೆ? ಬೆಲ್ಟ್ ಕಟ್ಟಿಕೊಳ್ಳುತ್ತಿದ್ದೀಯಾ, ಇಲ್ಲ ಸೀಟಿನ ಹಿಂದೆ ಎಸೆದಿದ್ದೀಯಾ? ಸುಮ್ಮನೆ ಕೇಳುತ್ತಿಲ್ಲ. ಇವತ್ತಿನದೆಲ್ಲ ಆ ಸೊಂಟದಿಂದಲೇ ಶುರುವಾದದ್ದು.

ಬೆಳಿಗ್ಗೆ ನೀನು ನಮ್ಮ ತಲೆಯ ಮೇಲೆ ಸುತ್ತು ಹಾಕಿ, "ಅಕ್ಕಾ, ಇಳಿಯೋ ಜಾಗನೆಲ್ಲ ಅಗೆದುಬಿಟ್ಟಿದ್ದಾರೆ, ಚಕ್ರ ಹೂತುಹೋಗುತ್ತೆ" ಅಂದೆ. ಅಷ್ಟರಲ್ಲಿ ನನ್ನ ಕೈಯ ರೇಡಿಯೋದ ಬ್ಯಾಟರಿ ಮುಗಿಯಿತು. ನಿನ್ನ ವಿಮಾನ ಮರೆಯಾದ ಮೇಲೂ ಊರಿನವರು ಕೈ ಬೀಸುತ್ತಲೇ ಇದ್ದರು, ತಿರುಗಿಕೊಂಡು ಬರುತ್ತೀಯ ಅಂತ. ಹೋದ ವಾರ, ಮಕ್ಕಳ ತೂಕ ನೋಡಿ ಹಿಟ್ಟು ಹಂಚುವ ಕೆಲಸಕ್ಕೆ ನನ್ನನ್ನು ಇಲ್ಲಿಗೆ ತಂದಾಗ, ವಿಮಾನ ಕುಪ್ಪಳಿಸಿ ಇಳಿಯಿತಲ್ಲ? ನೀನು ಸೊಂಟ ಹಿಡಿದುಕೊಂಡು ಕೆಳಗೆ ಬಂದದ್ದನ್ನು ಊರೇ ನೋಡಿದೆ. ಈ ಸಲ ಹೆರಿಗೆ ನೋವಿನಲ್ಲಿರುವ ಬುಟ್ಟಿ ಹೆಣೆಯುವವಳನ್ನು ಕರೆದೊಯ್ಯಲು ಬರುತ್ತೀಯ ಅಂತ ತಿಳಿದು, ನಿನಗೆ ನೋವಾಗದಿರಲಿ ಅಂತ ನೆಲವನ್ನೆಲ್ಲ ಅಗೆದು ಹೊಸ ಮಣ್ಣು ಹರಡಿದ್ದಾರೆ. ನಾನು ಅವಳ ಪಕ್ಕದಿಂದ ಎದ್ದೇ ಇರಲಿಲ್ಲ, ನೋಡಲಿಲ್ಲ. ಸೂಲಗಿತ್ತಿ ಅಜ್ಜಿಗೆ ಇನ್ನೂ ಅರ್ಥವಾಗಿಲ್ಲ. "ಮೇಲಿಂದ ಬರೋನಿಗೆ ನೆಲ ಮೆತ್ತಗಿದ್ರೆ ಒಳ್ಳೇದಲ್ವಾ ತಾಯಿ? ಮರದಿಂದ ಜಾರೋ ಮಗೂಗೆ ಕೆಳಗೆ ಹುಲ್ಲು ಹರಡಲ್ವಾ?" ಅನ್ನುತ್ತಾಳೆ.

ಅವಳ ಹೊಟ್ಟೆಯಲ್ಲಿ ಮಗು ಅಡ್ಡ ನಿಂತಿದೆ. "ಇದು ನನ್ನ ಕೈ ಮೀರಿದ್ದು" ಅಂತ ಅದೇ ಅಜ್ಜಿ ನಿನ್ನೆಯೇ ಹೇಳಿದ್ದಳು. ಕೋಣೆಯಲ್ಲಿ ಒಂದು ಚಾಪೆ, ನೀರಿನ ಕೊಡ, ಮೊಳೆಗೆ ನೇತುಹಾಕಿದ ನನ್ನ ತಕ್ಕಡಿ. ಆ ತಕ್ಕಡಿಯಲ್ಲಿ ಕೂರಿಸಿದ ಮಕ್ಕಳು ಅಳುವುದಕ್ಕೂ ಬಲವಿಲ್ಲದೆ ನನ್ನನ್ನೇ ನೋಡುತ್ತವೆ ಪುಟ್ಟಾ. ಓದಲು ತಂದ ಕವಿತೆಗಳನ್ನು ಚೀಲದಿಂದ ಹೊರಗೆ ತೆಗೆಯಲು ನಾಚಿಕೆಯಾಗುತ್ತದೆ.

ನೀನು ಹೋದಾಗಿನಿಂದ ಊರೆಲ್ಲ ಸೇರಿ ನೆಲ ತುಳಿಯುತ್ತಿದ್ದಾರೆ. ಮರದ ದಿಮ್ಮಿ ಉರುಳಿಸುತ್ತಿದ್ದಾರೆ. ಬೆಳಿಗ್ಗೆಯಿಂದ ಯಾರ ಹೊಟ್ಟೆಗೂ ಏನೂ ಬಿದ್ದಿಲ್ಲ. ಬುಟ್ಟಿ ಹೆಣೆಯುವವಳ ಗಂಡ ಆಗಾಗ ಬಾಗಿಲಿಗೆ ಬಂದು, "ಅಕ್ಕಾ, ಈಗ ನಿಮ್ಮ ತಮ್ಮ ಬರ್ತಾರಲ್ವಾ? ಬರೀರಿ, ಕಲ್ಲಾಗಿದೆ ಅಂತ ಬರೀರಿ" ಅನ್ನುತ್ತಾನೆ. ಇಲ್ಲಿಂದ ನೋಡಿದರೆ ಗಟ್ಟಿಯಾದ ಹಾಗೇ ಕಾಣುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ: ನಾಳೆ ಬೆಳಿಗ್ಗೆ ಇನ್ನೊಮ್ಮೆ ಬಾ. ಅವನ ತಮ್ಮ, ಕುರಿ ಕಾಯುವವನು, ನೀನು ರಾತ್ರಿ ವಿಮಾನ ನಿಲ್ಲಿಸುವ ನದಿಯ ಪಕ್ಕದ ಊರಿಗೆ ಓಡುತ್ತಾನೆ. ನೀನು ಅಲ್ಲಿಂದ ಹಾರುವ ಮೊದಲೇ ಈ ಕಾಗದ ಕೊಡುತ್ತಾನೆ. ಅಮ್ಮನಿಗೆ ನಾನು ಚೆನ್ನಾಗಿದ್ದೇನೆ ಅಂತ ಮಾತ್ರ ಹೇಳು. ನಿನ್ನ ರೆಕ್ಕೆಗಳು ಗಟ್ಟಿಯಾಗಿರಲಿ.

ನಿನ್ನ
ಅಕ್ಕ

ಮರೆತೆ, ಅಲ್ಲ, ಈಗ ನೋಡಿಕೊಂಡು ಬಂದೆ: ಇಲ್ಲಿಗೆ ಬರಬೇಡ. ನಡುವೆ ಹೋಗಿ ಕೋಲು ಚುಚ್ಚಿದೆ. ಮೇಲೆ ಮಾತ್ರ ಗಟ್ಟಿ, ಕೆಳಗೆ ಮೊಣಕೈ ಮುಳುಗುವಷ್ಟು ಹಸಿ ಮಣ್ಣು. ತುಳಿಯುತ್ತಿದ್ದವರಿಗೆ ನಾನೇ ಹೇಳಿದೆ. ಯಾರೂ ಬೈಯಲಿಲ್ಲ. ಅವಳ ಗಂಡ ಹೋಗಿ ಮನೆಯ ಬಾಗಿಲು ಕಿತ್ತು ತಂದ. ಅದರ ಮೇಲೆ ಅವಳನ್ನು ಮಲಗಿಸಿಕೊಂಡು ಹೊರಟಿದ್ದೇವೆ, ನಿನ್ನ ಕಡೆಗೇ. ಹಿಂದಿನ ಸೀಟು ಬಿಚ್ಚಿಡು. ನದಿಯ ಪಕ್ಕದಲ್ಲೇ ಇರು, ಎಷ್ಟು ತಡವಾದರೂ ಹೊರಡಬೇಡ. ಕರೆದುಕೊಂಡು ಹೋಗಲು ಯಾರೂ ಉಳಿಯದಿದ್ದರೆ ನಾನೇ ಬಂದು ಹೇಳುತ್ತೇನೆ. ಅಲ್ಲಿಯವರೆಗೆ ಕಾಯುತ್ತಿರು.