ನೀನು ಅಳಿಸಲು ಕಳಿಸಿದ ಕಾರ್ಡು

ಮಂಗಳವಾರ, ಆಗಸ್ಟ್ ೧೨

ಪ್ರೀತಿಯ ಅಕ್ಕ,

ಹೇಗಿದ್ದೀಯ? ಭಾವನ ಬೆನ್ನುನೋವು ಕಡಿಮೆಯಾಯಿತೆ? ನಿನ್ನ ಕವರು ಬಂದು ಹದಿನೇಳು ದಿನವಾಯಿತು. ಕೆಲಸ ಜಾಸ್ತಿ ಇತ್ತು ಎಂದು ಬರೆಯಬಹುದಿತ್ತು, ಆದರೆ ಇರಲಿಲ್ಲ. ಏನು ಬರೆಯಬೇಕೆಂದು ತೋಚದೆ ಸುಮ್ಮನಿದ್ದೆ. ಕ್ಷಮಿಸು.

ನಾನು ಚೆನ್ನಾಗಿದ್ದೇನೆ. ಟೈಲರ್ ಅಂಗಡಿ, ಬೇಕರಿ, ಪ್ರೆಸ್ಸು ಎಲ್ಲ ಬಿಟ್ಟು ಬಂದವಳು ಈ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಐದು ತಿಂಗಳಿಂದ ಕೂತಿದ್ದೇನೆ ಎಂದರೆ ಅಮ್ಮನೇ ನಂಬುವುದಿಲ್ಲ. ಅಂಗಡಿಯ ಯಜಮಾನರು ತಲೆಗೆ ಭೂತಗನ್ನಡಿ ಕಟ್ಟಿಕೊಂಡೇ ಊಟಕ್ಕೂ ಹೋಗುತ್ತಾರೆ. ಅದಕ್ಕೇ ಅವರು ನನಗೆ ಭೂತಗನ್ನಡಿ ಮಾಮ. "ಸ್ಕೂಲಲ್ಲೂ ಹೀಗೇ ಒಂದ್ಕಡೆ ಕೂತಿದ್ರೆ ಇವತ್ತು ಟೀಚರಾಗಿರ್ತಿದ್ದೆ ಕಣಮ್ಮ" ಎಂದು ದಿನಕ್ಕೊಮ್ಮೆ ಚುಚ್ಚುತ್ತಾರೆ. "ಅಲ್ಲಿ ಯಾರೂ ಸ್ಕ್ರೂಡ್ರೈವರ್ ಕೊಡ್ತಿರಲಿಲ್ಲ ಮಾಮ" ಎನ್ನುತ್ತೇನೆ.

ಈಗ ನಿನ್ನ ಫೋನಿನ ಮೆಮೊರಿ ಕಾರ್ಡಿನ ವಿಷಯ. "ಪಾಪುವಿನ ಫೋಟೋ, ವಿಡಿಯೋ ಎಲ್ಲ ಇದರಲ್ಲಿವೆ. ನನ್ನ ಕೈಯಿಂದ ಅಳಿಸಲಾಗುತ್ತಿಲ್ಲ. ನೀನೇ ಅಳಿಸಿ ಖಾಲಿ ಮಾಡಿ ಕಳಿಸು. ಏನನ್ನೂ ನೋಡಬೇಡ" ಎಂದು ನೀನು ಬರೆದಿದ್ದೆ. ಇಪ್ಪತ್ತಾರೇ ದಿನ ನಿನ್ನ ಮಡಿಲಲ್ಲಿದ್ದವಳು ನನ್ನ ಹೆಬ್ಬೆರಳ ಉಗುರಿಗಿಂತ ಚಿಕ್ಕ ತುಂಡೊಂದರಲ್ಲಿ ಇದ್ದಾಳೆ.

ಹೇಳಿದಂತೆಯೇ ಮಾಡಿದೆ. ಫೋನಿಗೆ ಹಾಕಿ ಎಲ್ಲವನ್ನೂ ಡಿಲೀಟ್ ಮಾಡಿದೆ. ಖಾಲಿ ಎಂದು ತೋರಿಸಿತು. ತೆಗೆದು ಮತ್ತೆ ಹಾಕಿದರೆ ಎಲ್ಲವೂ ವಾಪಸ್ಸು. ಫಾರ್ಮ್ಯಾಟ್ ಕೊಟ್ಟೆ, ಆಗಲಿಲ್ಲ. ಕಾರ್ಡು ಕೂರಿಸುವ ಅಡಾಪ್ಟರಿನ ಪಕ್ಕದ ಪುಟ್ಟ ಲಾಕ್ ಸರಿಸಿದೆ, ಅಡಾಪ್ಟರನ್ನೇ ಬದಲಿಸಿದೆ. ಕಂಪ್ಯೂಟರಿನಲ್ಲಿ ಕಾರ್ಡಿನೊಳಗಿನ ಪಾರ್ಟಿಷನ್ನನ್ನೇ ಕಿತ್ತುಹಾಕಿ ಹೊಸದಾಗಿ ಮಾಡಲು ಹೋದೆ. ಆಯಿತು ಎಂದಿತು. ತೆರೆದು ನೋಡಿದರೆ ಹಳೆಯದೇ! ಎರಡು ದಿನ ಇದೇ ಜಗಳ.

ಕೊನೆಗೆ ಮಾಮ ನೋಡಿದರು. "ಬಿಡಮ್ಮ, ಇದಕ್ಕೆ ವಯಸ್ಸಾಯ್ತು. ಹಾಳಾಗೋ ಹೊತ್ತಿಗೆ ಕೆಲವು ಕಾರ್ಡು ತಾವೇ ಚಿಲಕ ಹಾಕ್ಕೊಂಡ್ಬಿಡ್ತಾವೆ. ಹೊಸದು ಒಳಗೆ ಹೋಗಲ್ಲ, ಹಳೇದು ಅಳಿಯಲ್ಲ. ನೋಡೋಕೆ ಮಾತ್ರ ಬಿಡುತ್ತೆ, ಅದೂ ಎಷ್ಟು ದಿನಾನೋ."

"ಹಾಗಾದ್ರೆ ಏನ್ ಮಾಡ್ಲಿ?"

"ಬೇಕು ಅಂದ್ರೆ ಇವತ್ತೇ ಕಾಪಿ ಮಾಡ್ಕೋ. ಬೇಡ ಅಂದ್ರೆ ಇದು" ಎಂದು ಕಟಿಂಗ್ ಪ್ಲೇಯರನ್ನು ನನ್ನ ಮುಂದಿಟ್ಟರು. "ಯಾರದು?"

"ನಮ್ಮಕ್ಕಂದು. ಹೋಗ್ಬಿಟ್ಟ ಪಾಪು ಫೋಟೋ."

ಟೀ ಕುಡಿದು ಬರುತ್ತೇನೆಂದು ಅವರು ಎದ್ದು ಹೊರಗೆ ಹೋದರು. ಅವರು ಟೀ ಕುಡಿಯುವುದಿಲ್ಲ.

ಪ್ಲೇಯರಿನ ಬಾಯಿಗೆ ಕಾರ್ಡು ಇಟ್ಟೆ. ಒತ್ತಲು ಆಗಲಿಲ್ಲ. ಇನ್ನೊಂದು ಕಾರ್ಡಿಗೆ ಕಾಪಿ ಮಾಡಿದೆ. ನಲವತ್ತೊಂದು ಫೋಟೋ, ಆರು ವಿಡಿಯೋ ಬಂದವು. ಮೂರು ಫೋಟೋ ಎಷ್ಟು ಹೆಣಗಿದರೂ ಬರಲಿಲ್ಲ. ಮುಂದೊಂದು ದಿನ ನಿನಗೆ ಬೇಕೆನ್ನಿಸಿದರೆ ಎಲ್ಲಿಂದ ತಂದುಕೊಡಲಿ ಎಂದು ಯೋಚಿಸಿ ಹೀಗೆ ಮಾಡಿದೆ. ನಿನ್ನ ಫೋನಿಗೆ ಹೊಸ ಕಾರ್ಡು ಇದರ ಜೊತೆ ಇಟ್ಟಿದ್ದೇನೆ, ಖಾಲಿಯದು. ಹಳೆಯದೂ ಕಾಪಿಯೂ ನನ್ನ ಹತ್ತಿರ ಇವೆ. ಬೇಡವೇ ಬೇಡ ಎಂದು ನೀನು ಬರೆದರೆ ಎರಡನ್ನೂ ಮುರಿಯುತ್ತೇನೆ. ಮಾತು ಕೊಡುತ್ತೇನೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಹರಸುವಷ್ಟು ದೊಡ್ಡವಳಲ್ಲ ನಾನು. ಆದರೂ ನಿನಗೆ ನಿದ್ದೆ ಬರಲಿ, ಮತ್ತೆ ನಗು ಬರಲಿ ಎಂದು ಹರಸುತ್ತಿದ್ದೇನೆ. ಬೇಕಾದರೆ ಬೈದುಕೋ.

ನಿನ್ನ ತಂಗಿ

ವಿ.ಸೂ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಕಾಪಿ ಮಾಡಿದ್ದು ನಿನಗಾಗಿ ಅಲ್ಲ, ನನಗಾಗಿ. ನಾನು ಸ್ಕೂಲು ಬಿಟ್ಟಾಗ, "ಪರೀಕ್ಷೆ ಪಾಸಾಗೋವರೆಗೂ ನನ್ನ ಮನೆ ಬಾಗಿಲಿಗೆ ಬರ್ಬೇಡ" ಎಂದು ರೇಗಿದ್ದೆಯಲ್ಲ, ಕೋಪದ ಮಾತೆಂದು ಗೊತ್ತಿದ್ದೂ ಹಠ ಹಿಡಿದೆ. ಪಾಪು ಹುಟ್ಟಿದಾಗಲೂ ಬರಲಿಲ್ಲ. ಅವಳು ಹೋದ ಮೇಲೆ ಯಾವ ಮುಖ ಹೊತ್ತು ಬರಲಿ ಎಂದು ಆಗಲೂ ಬರಲಿಲ್ಲ. ನೋಡಬೇಡ ಎಂದಿದ್ದೆ ನೀನು, ನಾನು ನೋಡಿದೆ. ಅವಳ ಮುಖವನ್ನು ನಾನು ಮೊದಲ ಸಲ ನೋಡಿದ್ದು ಈ ಕಾರ್ಡಿನಲ್ಲೇ. ಆಕಳಿಸುವಾಗ ಎಡಗೆನ್ನೆಯಲ್ಲಿ ನಿನ್ನಂತೆಯೇ ಗುಳಿ ಬೀಳುತ್ತದೆ. ನಾಲ್ಕನೆಯ ವಿಡಿಯೋದಲ್ಲಿ ನೀನು ಅವಳಿಗೆ ಸಾಕ್ಸ್ ಹಾಕುತ್ತಾ, "ನಿಮ್ಮ ಚಿಕ್ಕಮ್ಮ ಮಹಾ ಹಠಮಾರಿ ಕಣೇ. ಆದ್ರೂ ನಾಳೆ ಬಂದೇ ಬರ್ತಾಳೆ ನೋಡು" ಎನ್ನುತ್ತೀಯ.

ಪರೀಕ್ಷೆ ಇನ್ನೂ ಪಾಸಾಗಿಲ್ಲ, ಅಕ್ಕ. ಬರಲೇ?